ಧ್ರುವತಾರೆ ಒಂದು ಬೆರಳು ಇಳಿದಲ್ಲಿ ಮನೆ

ಮುಳಬಾಗಿಲು ತಾಲ್ಲೂಕಿನ ನಂಗಲಿಯಲ್ಲಿ ಕರೆಂಟು ಹೋದ ರಾತ್ರಿ ಬಯಲಿಗೆ ಬಂದು ಉತ್ತರಕ್ಕೆ ತಿರುಗಿ ನಿಲ್ಲಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದು, ಅದರ ಕೆಳಗಿನ ಅಂಚನ್ನು ದಿಗಂತಕ್ಕೆ ತಾಗಿಸಿ. ಮುಷ್ಟಿಯ ಮೇಲೆ ಇನ್ನೊಂದು ಕೈಯ ಎರಡು ಬೆರಳು ಅಡ್ಡ ಇಟ್ಟರೆ, ಹೆಚ್ಚುಕಡಿಮೆ ಅಲ್ಲಿಗೆ ಧ್ರುವ ನಕ್ಷತ್ರ ಕೂತಿರುತ್ತದೆ. ನಂಗಲಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಅಷ್ಟೇ ಡಿಗ್ರಿ ಎತ್ತರದಲ್ಲಿ ಧ್ರುವತಾರೆಯೂ ಕಾಣುತ್ತದೆ.

ಇದೇ ಅಕ್ಷಾಂಶ ಹಿಡಿದು ನೇರ ಪಶ್ಚಿಮಕ್ಕೆ ಹೋದರೆ ಕಡಲು ಸಿಗುವುದು ಮೂಲ್ಕಿಯ ಆಸುಪಾಸು. ಅಲ್ಲಿಂದ ತುಸು ತೆಂಕಕ್ಕೆ ಮಂಗಳೂರು. ಆಂಧ್ರದ ಗಡಿಗೆ ಅಂಟಿಕೊಂಡ ಈ ಊರಿನ ರೈತನಿಗೂ ಮಂಗಳೂರಿನ ಅಳಿವೆ ದಾಟಿದ ನಾವಿಕನಿಗೂ ಆ ನಕ್ಷತ್ರ ಕಾಣುವುದು ಸರಿಸುಮಾರು ಒಂದೇ ಎತ್ತರದಲ್ಲಿ. ನಾವಿಕ ಲಕ್ಷದ್ವೀಪದ ಅಮಿನಿಯವನಾಗಿದ್ದರೆ, ಅದು ಇನ್ನೊಂದು ಬೆರಳು ಕೆಳಗಿಳಿದ ಕಡೆ ಅವನ ಮನೆ.

ಕೋಲಾರ ಸೀಮೆಗೆ ಕಡಲಿನ ಮಾತು ಯಾಕೆ ಎಂದು ಕೇಳುವವರಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಎಲ್ಲೆಗಳನ್ನು ಹೇಳುವ ಶಾಸನಗಳು ಪೂರ್ವಕ್ಕೆ ನಂಗಲಿ ಘಟ್ಟವನ್ನೂ ಪಶ್ಚಿಮಕ್ಕೆ ಬಾರಕನೂರು ಘಟ್ಟವನ್ನೂ ಹೆಸರಿಸುತ್ತವೆ. ಅವನ ಬಿರುದುಗಳಲ್ಲಿ ತಳಕಾಡು, ಕೊಂಗುಗಳ ಜೊತೆಗೆ ನಂಗಲಿಯೂ ಇದೆ. ಈಗಿನ ರಾಷ್ಟ್ರೀಯ ಹೆದ್ದಾರಿ 69 ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ಹುಟ್ಟಿ, ಸಾಗರ, ಶಿವಮೊಗ್ಗ, ಶಿರಾ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ದಾಟಿ ನಂಗಲಿಯಲ್ಲೇ ಕರ್ನಾಟಕ ಬಿಟ್ಟು ಚಿತ್ತೂರಿನ ಕಡೆ ಇಳಿಯುತ್ತದೆ. ಗಾಳಿಯದೂ ಒಂದು ನಂಟಿದೆ. ಅಕ್ಟೋಬರ್ ಕಳೆದ ಮೇಲೆ ಬಂಗಾಳ ಕೊಲ್ಲಿಯ ಕಡೆಯಿಂದ ಬೀಸಿ ನಮ್ಮ ಕೆರೆಗಳಿಗೆ ಹಿಂಗಾರು ಮಳೆ ತರುವ ಈಶಾನ್ಯದ ಗಾಳಿ ಘಟ್ಟ ದಾಟಿ ಅರಬ್ಬಿ ಸಮುದ್ರಕ್ಕೂ ಇಳಿಯುತ್ತದೆ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಕೋಡಿ ಬಿದ್ದದ್ದು ಆ ಹಂಗಾಮಿನ ಮಳೆಗೆ. ಲಕ್ಷದ್ವೀಪದ ಹಾಯಿದೋಣಿಗಳು ಶತಮಾನಗಳ ಕಾಲ ಮಂಗಳೂರಿನಿಂದ ಮನೆಗೆ ಮರಳಿದ್ದೂ ಆ ಹಂಗಾಮಿನ ಗಾಳಿಗೇ.

ಆ ಮರುಪ್ರಯಾಣದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಬರೆಯಬೇಕಿತ್ತು. ಆ ದ್ವೀಪಗಳಲ್ಲಿ ಕೆಲವು ನಮ್ಮ ಜಿಲ್ಲೆಯೊಂದರ ಭಾಗವಾಗಿದ್ದವು.

ದಕ್ಷಿಣ ಕನ್ನಡದ ದ್ವೀಪಗಳು

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. ಇವು ಹಿಂದೆ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಆ ಆಡಳಿತದ ಕಾಟ ತಾಳಲಾರದೆ ದ್ವೀಪದವರು ಟಿಪ್ಪು ಸುಲ್ತಾನನ ಮೊರೆ ಹೋದರು. 1787ರಲ್ಲಿ ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವನ್ನು ಕೆನರಾಕ್ಕೆ ಸೇರಿಸಿತು. ಅಂದಿನಿಂದ 1956ರ ನವೆಂಬರ್ 1ರವರೆಗೆ, ಕೇಂದ್ರಾಡಳಿತ ಪ್ರದೇಶ ಆಗುವ ತನಕ, ಅಮಿನಿಯ ತಕರಾರುಗಳು ಇತ್ಯರ್ಥಕ್ಕೆ ಬರುತ್ತಿದ್ದದ್ದು ಮಂಗಳೂರಿನ ಕಲೆಕ್ಟರ್ ಕಚೇರಿಗೆ. ಭಾಷಾವಾರು ರಾಜ್ಯಗಳು ಹುಟ್ಟಿದ ದಿನವೇ ಅವು ನಮ್ಮ ನಕ್ಷೆಯಿಂದ ಆಚೆ ಹೋದವು. ಆ ದಿನ ಕಾಸರಗೋಡು ಕೈತಪ್ಪಿದ ನೋವು ಇಂದಿಗೂ ಮಾತಾಗುತ್ತದೆ, ಅಮಿನ್‌ದಿವಿಯ ನೆನಪು ಮಾತ್ರ ಯಾರಿಗೂ ಉಳಿಯಲಿಲ್ಲ.

ದ್ವೀಪದಲ್ಲಿ ಬೆಳೆಯುವುದು ತೆಂಗು. ಭತ್ತ ಬೆಳೆಯುವುದಿಲ್ಲ. ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಆ ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ಬೇರೆಯವರಿಗೆ ಮಾರುವ ಹಾಗಿಲ್ಲ. ಮಂಗಳೂರಿಗೆ ತಂದು, ಸರ್ಕಾರ ಕಟ್ಟಿದ ಬೆಲೆಗೆ ಒಪ್ಪಿಸಬೇಕು. ಬದಲಿಗೆ ಸಿಗುತ್ತಿದ್ದದ್ದು ಬಹುಪಾಲು ಅಕ್ಕಿ. ಮದ್ರಾಸ್ ಸರ್ಕಾರದ ಅಧಿಕಾರಿ ಡಬ್ಲ್ಯು. ರಾಬಿನ್ಸನ್ 1848ರಲ್ಲಿ ದ್ವೀಪಗಳ ಬಗ್ಗೆ ವರದಿ ಬರೆದ, 1924ರಲ್ಲಿ ಆರ್.ಎಚ್. ಎಲ್ಲಿಸ್ ಇನ್ನೊಂದು ವಿವರ ಪ್ರಕಟಿಸಿದ. ಸರ್ಕಾರಕ್ಕೆ ದ್ವೀಪ ಎಂದರೆ ಹುರಿಯ ಹುಟ್ಟುವಳಿ. ದ್ವೀಪದ ಮನೆಗೆ ಮಂಗಳೂರು ಎಂದರೆ ಅನ್ನ.

ಹೀಗೆ ನೋಡಿದಾಗ ಆ ಪ್ರಯಾಣದ ತೂಕ ಗೊತ್ತಾಗುತ್ತದೆ. ಹುರಿ ಹೊತ್ತು ಬಂದ ದೋಣಿ ಅಕ್ಕಿ ಹೊತ್ತು ಮರಳಲೇಬೇಕು, ಅದೂ ಮುಂಗಾರಿಗೆ ಮೊದಲು. ಜೂನಿನಿಂದ ಸೆಪ್ಟೆಂಬರ್ ನಡುವಿನ ತನಕ ಕಡಲು ಮುಚ್ಚಿರುತ್ತದೆ. ದೋಣಿ ಬರಲಿಲ್ಲ ಎಂದರೆ ಆ ಮಳೆಗಾಲ ಪೂರ್ತಿ ತೆಂಗು ಮತ್ತು ಮೀನಿನಲ್ಲೇ ಹೊಟ್ಟೆ ಹೊರೆಯಬೇಕು.

ಹೋಗುವುದು ಬೇರೆ, ಬರುವುದು ಬೇರೆ

ಅಮಿನಿಯಿಂದ ಮಂಗಳೂರಿಗೆ ನೇರ ದೂರ ಸುಮಾರು 300 ಕಿ.ಮೀ. ನಂಗಲಿಯಿಂದ ಬೆಂಗಳೂರು ದಾಟಿ ಹಾಸನ ತಲುಪಿದಷ್ಟು. ಒಳ್ಳೆಯ ಗಾಳಿ ಇದ್ದು ಹಾಯಿದೋಣಿ ಗಂಟೆಗೆ ಏಳೆಂಟು ಕಿ.ಮೀ. ಓಡಿದರೆ ಎರಡು ಹಗಲು, ಎರಡು ರಾತ್ರಿಯ ಹಾದಿ. ಗಾಳಿ ಬಿದ್ದರೆ ವಾರವೂ ಹಿಡಿದೀತು. ಹೋಗುವಾಗಲೂ ಬರುವಾಗಲೂ ದೂರ ಅಷ್ಟೇ. ಕಷ್ಟ ಮಾತ್ರ ಒಂದೇ ಅಲ್ಲ.

ದ್ವೀಪದಿಂದ ನಾಡಿಗೆ ಬರುವವನು ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಮುಂದೆ ಇರುವುದು ಉದ್ದಕ್ಕೂ ಕರಾವಳಿ. ಮಂಗಳೂರು ತಪ್ಪಿದರೆ ಮಲ್ಪೆ ಸಿಕ್ಕುತ್ತದೆ, ಅದೂ ತಪ್ಪಿದರೆ ಕಾಸರಗೋಡು, ಕಣ್ಣೂರು. ಅದಕ್ಕೂ ಮೊದಲು ಘಟ್ಟ ಕಾಣುತ್ತದೆ. 1,892 ಮೀಟರ್ ಎತ್ತರದ ಕುದುರೆಮುಖ, ಗಾಳಿ ತಿಳಿಯಾಗಿದ್ದ ಬೆಳಗಿನಲ್ಲಿ ನೂರು ಕಿ.ಮೀ.ಗೂ ಆಚೆಯಿಂದ ನಾವಿಕನ ಕಣ್ಣಿಗೆ ಬೀಳಬಲ್ಲದು. ಘಟ್ಟದ ಮೇಲೆ ನಿಂತವರಿಗೆ ಅದು ಚಾರಣದ ಗುಡ್ಡ. ಕಡಲಿನಿಂದ ಬರುವವನಿಗೆ ಅದು ಮಂಗಳೂರಿನ ಗುರುತು.

ಮನೆಗೆ ಮರಳುವಾಗ ಇಂಥ ಗುರುತೊಂದೂ ಇಲ್ಲ. ಅಮಿನಿಯ ವಿಸ್ತೀರ್ಣ 2.59 ಚದರ ಕಿ.ಮೀ. ನೆಲ ಕಡಲ ಮಟ್ಟದಿಂದ ಕೆಲವೇ ಮೀಟರ್ ಮೇಲಿದೆ. ದೂರದಿಂದ ಕಾಣುವುದು ನೆಲವಲ್ಲ, ತೆಂಗಿನ ತಲೆಗಳು. ಇಪ್ಪತ್ತು ಮೀಟರ್ ಎತ್ತರದ ತೆಂಗನ್ನು, ದೋಣಿಯಲ್ಲಿ ನಿಂತವನು ಲೆಕ್ಕದ ಪ್ರಕಾರ 24 ಕಿ.ಮೀ. ದೂರದಿಂದ ಕಾಣಬೇಕು. ಕಡಲ ಮಬ್ಬಿನಲ್ಲಿ ಹದಿನೈದು ಕಿ.ಮೀ.ಗೆ ಕಂಡರೆ ಪುಣ್ಯ. ಇನ್ನು ದಿಕ್ಕಿನ ಲೆಕ್ಕ. 300 ಕಿ.ಮೀ. ಹಾದಿಯಲ್ಲಿ ಬರೀ 5 ಡಿಗ್ರಿ ಆಚೀಚೆಯಾದರೆ ಕೊನೆಗೆ ದೋಣಿ 26 ಕಿ.ಮೀ. ಪಕ್ಕದಲ್ಲಿರುತ್ತದೆ. ಅಂದರೆ ಊರು ಕಣ್ಣಿಗೆ ಬೀಳದೆಯೇ ಹಿಂದಾಗುತ್ತದೆ. ಆಮೇಲೆ ಪಶ್ಚಿಮಕ್ಕೆ ಕೆಲವು ಚಿಕ್ಕ ದ್ವೀಪ, ಹವಳದ ದಿಬ್ಬಗಳನ್ನು ಬಿಟ್ಟರೆ ಅರೇಬಿಯಾ, ಆಫ್ರಿಕಾಗಳವರೆಗೂ ನೀರೇ.

ಎದುರಿಗೆ ಇನ್ನೊಂದು ಕಾಣದ ಶಕ್ತಿಯೂ ಇದೆ. ನವೆಂಬರಿನಿಂದ ಜನವರಿವರೆಗೆ ಗಾಳಿ ಈಶಾನ್ಯದಿಂದ ನೈರುತ್ಯಕ್ಕೆ ಬೀಸಿದರೆ, ನಮ್ಮ ಪಶ್ಚಿಮ ಕರಾವಳಿಯ ಗುಂಟ ಕಡಲಿನ ಹರಿವು ಆ ಗಾಳಿಗೆ ಎದುರಾಗಿ ಉತ್ತರಕ್ಕೆ ಸಾಗುತ್ತದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಆರ್. ಶೆಟ್ಯೆ ಮತ್ತು ಸಂಗಡಿಗರು ಈ ಹರಿವನ್ನು ಅಳೆದು ವಿವರಿಸಿದ್ದಾರೆ. ಗಂಟೆಗೆ ಒಂದೇ ಒಂದು ಕಿ.ಮೀ. ವೇಗದ ಹರಿವು ಸಾಕು, ಒಂದು ದಿನದಲ್ಲಿ ದೋಣಿಯನ್ನು 24 ಕಿ.ಮೀ. ಬಡಗಕ್ಕೆ ಒಯ್ದಿರುತ್ತದೆ. ಹಾಯಿ ತುಂಬಿ ನಿಂತಿದೆ, ಹಿಂದೆ ನೊರೆಯ ಗೆರೆ ನೆಟ್ಟಗಿದೆ, ಚುಕ್ಕಾಣಿ ಹಿಡಿದವನಿಗೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ. ದೋಣಿ ಮಾತ್ರ ಮನೆಯ ದಾರಿಯಲ್ಲಿ ಇರುವುದಿಲ್ಲ.

ಕಡಲ ಯಾನದ ಕತೆ ಎಂದರೆ ನಾವು ಹೊರಡುವವರ ಕತೆ ಎಂದುಕೊಳ್ಳುತ್ತೇವೆ. ಧೈರ್ಯ ಬೇಕಾದದ್ದು ಹೊರಡಲಿಕ್ಕೆ ಎಂದು ನಂಬುತ್ತೇವೆ. ಅಮಿನಿಯ ನಾವಿಕನ ವಿದ್ಯೆಯೆಲ್ಲ ಖರ್ಚಾಗುತ್ತಿದ್ದದ್ದು ಮರಳುವಾಗ.

ಹುರಿಯಿಂದ ಹೊಲಿದ ದೋಣಿ

ಅವನ ದೋಣಿಗೆ ಓಡಂ ಎನ್ನುತ್ತಾರೆ. ಹಳೆಯ ಓಡಂಗಳ ಹಲಗೆಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಅಂಚಿನುದ್ದಕ್ಕೂ ತೂತು ಕೊರೆದು ತೆಂಗಿನ ಹುರಿಯಿಂದ ಹೊಲಿದು ಬಿಗಿಯುತ್ತಿದ್ದರು. ಮಂಗಳೂರಿಗೆ ಹೊರುತ್ತಿದ್ದ ಸರಕೂ ಹುರಿ, ಸರಕು ಹೊತ್ತ ದೋಣಿಯನ್ನು ಹಿಡಿದಿಟ್ಟಿದ್ದೂ ಹುರಿ. ಹೊಲಿಗೆಯ ದೋಣಿ ಅಲೆಯ ಏಟಿಗೆ ತುಸು ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಹವಳದ ದಿಬ್ಬಕ್ಕೆ ತಾಗಿದರೂ ಮೊಳೆಯ ದೋಣಿಯಷ್ಟು ಬೇಗ ಒಡೆಯುವುದಿಲ್ಲ. ಮಳೆಗಾಲದಲ್ಲಿ ದಡಕ್ಕೆ ಎಳೆದು, ಹೊಲಿಗೆ ಬಿಚ್ಚಿ, ಸವೆದ ಹುರಿ ತೆಗೆದು ಮತ್ತೆ ಹೊಲಿಯಬಹುದು. ಈ ಕಸುಬನ್ನು ದ್ವೀಪ ದ್ವೀಪ ಸುತ್ತಿ ದಾಖಲಿಸಿದವರು ಲೋತಿಕಾ ವರದರಾಜನ್. ಲಕ್ಷದ್ವೀಪದ ಹೊಲಿದ ದೋಣಿಗಳ ಬಗ್ಗೆ ಅವರ ಪುಸ್ತಕ 1998ರಲ್ಲಿ ಗೋವೆಯಿಂದ ಪ್ರಕಟವಾಯಿತು. ಅದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ಕೊನೆಯ ತಲೆಮಾರು ಇನ್ನೂ ಇದ್ದಾಗ ಅವರು ಅಲ್ಲಿಗೆ ಹೋಗಿದ್ದರಲ್ಲ, ಅದು ದೊಡ್ಡ ಉಪಕಾರ.

ದಾರಿ ಹೇಳುವವನು ಮಾಲ್ಮಿ. ಅವನ ಬಳಿ ಇರುತ್ತಿದ್ದದ್ದು ರಹಮಾನಿ ಎಂಬ ಕೈಬರಹದ ಪುಸ್ತಕ. ಮಲಯಾಳ ಮಾತನ್ನು ಅರಬಿ ಲಿಪಿಯಲ್ಲಿ ಬರೆದ ಅದರಲ್ಲಿ ನಕ್ಷತ್ರಗಳ ಎತ್ತರ, ಊರೂರಿನ ನಡುವಿನ ದಿಕ್ಕು, ಗಾಳಿಯ ಕಾಲಗಳ ಲೆಕ್ಕ ಇರುತ್ತಿತ್ತು. ನಕ್ಷತ್ರದ ಎತ್ತರವನ್ನು ಅಳೆಯುವ ಮಾನ ಬೆರಳು. ಅರಬ್ ನಾವಿಕರು ಆಕಾಶದ ಪೂರ್ಣ ಸುತ್ತನ್ನು 224 ಬೆರಳಾಗಿ ಭಾಗಿಸಿಕೊಂಡಿದ್ದರು. ಒಂದು ಬೆರಳು ಎಂದರೆ ನಮ್ಮ 1.6 ಡಿಗ್ರಿ. ಮಂಗಳೂರು 12.9 ಡಿಗ್ರಿ, ಅಮಿನಿ 11.1 ಡಿಗ್ರಿ. ನಡುವಿನ ವ್ಯತ್ಯಾಸ ಒಂದು ಬೆರಳು, ಮೇಲೆ ಒಂದು ಚೂರು.

ಅಳೆಯುವ ಸಾಧನ ಕಮಾಲ್. ಅಂಗೈಗಿಂತ ಚಿಕ್ಕ ಮರದ ತುಂಡು, ನಡುವೆ ಒಂದು ತೂತು, ಅದರಿಂದ ಇಳಿದ ದಾರದಲ್ಲಿ ಗಂಟುಗಳು. ದಾರದ ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯುವವರೆಗೆ ಹಲಗೆಯನ್ನು ಮುಂದಕ್ಕೆ ಹಿಡಿಯಬೇಕು. ಹಲಗೆಯ ಕೆಳಅಂಚು ಕಡಲಿನ ಗೆರೆಗೆ, ಮೇಲಂಚು ಧ್ರುವತಾರೆಗೆ ತಾಗಿದರೆ, ಹಲ್ಲಿನಲ್ಲಿರುವ ಗಂಟು ಯಾವ ಊರಿನದೋ ಆ ಊರಿನ ನೇರಕ್ಕೆ ದೋಣಿ ಬಂದಿದೆ ಎಂದರ್ಥ. ತಾರೆ ಹಲಗೆಯ ಮೇಲೆ ಉಳಿದರೆ ಇನ್ನೂ ತೆಂಕಕ್ಕೆ ಇಳಿಯಬೇಕು. ಹಲಗೆಯ ಮರೆಗೆ ಬಿದ್ದರೆ ಹೆಚ್ಚು ಇಳಿದಾಯಿತು. ಪ್ಲೈವುಡ್ ತುಂಡು ಮತ್ತು ನೂಲಿನಿಂದ ಇದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಮುಳಬಾಗಿಲಿನ ಶಾಲೆಯೊಂದರ ಅಂಗಳದಲ್ಲಿ ಇದನ್ನು ಮಕ್ಕಳ ಕೈಗೆ ಕೊಟ್ಟರೆ ಅಕ್ಷಾಂಶದ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಲೆಯ ಮೇಲೆ ಕುಣಿಯುವ ದೋಣಿಯಲ್ಲಿ, ದಿಗಂತದ ಗೆರೆ ಕಾಣುವ ಬೆಳದಿಂಗಳಿಗಾಗಿ ಅಥವಾ ನಸುಕಿಗಾಗಿ ಕಾದು ಹಿಡಿಯುವುದು ಮಾತ್ರ ವರ್ಷಗಳ ಕಲಿಕೆ. ಧ್ರುವತಾರೆಯೂ ಪೂರ್ತಿ ಧ್ರುವವಲ್ಲ. 19ನೇ ಶತಮಾನದಲ್ಲಿ ಅದು ನಿಜವಾದ ಉತ್ತರ ಬಿಂದುವಿನಿಂದ ಸುಮಾರು ಒಂದೂವರೆ ಡಿಗ್ರಿ ದೂರದಲ್ಲಿ ಸುತ್ತುತ್ತಿತ್ತು. ಮಂಗಳೂರು-ಅಮಿನಿಗಳ ನಡುವಿನ ಅಂತರವೇ ಹೆಚ್ಚುಕಡಿಮೆ ಅಷ್ಟಿರುವಾಗ, ಯಾವ ಜಾವದಲ್ಲಿ ಅಳೆದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಅಳತೆಯೇ ದಾರಿ ತಪ್ಪಿಸುತ್ತದೆ.

ಈ ವಿದ್ಯೆಯ ಜಾಣತನ ಇರುವುದು ಇಲ್ಲಿ: ಊರಿನ ಕಡೆಗೆ ನೇರ ಗುರಿ ಇಡದೆ, ಮೊದಲು ಊರಿನ ಅಕ್ಷಾಂಶಕ್ಕೆ ಇಳಿದು, ಆಮೇಲೆ ತಾರೆಯನ್ನು ಬಲಗೈಗೆ ಇಟ್ಟುಕೊಂಡು ಪಶ್ಚಿಮಕ್ಕೆ ಸಾಗುವುದು. ಆಗ ಊರು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬ ಅನುಮಾನ ಇರುವುದಿಲ್ಲ. ಮುಂದಿದೆ, ಅಷ್ಟೇ. ಅಮಿನಿಯಿಂದ ಚೆತ್ಲತ್‌ವರೆಗೆ ನಾಲ್ಕು ದ್ವೀಪಗಳು ದಕ್ಷಿಣೋತ್ತರವಾಗಿ ಅರವತ್ತು ಕಿ.ಮೀ. ಉದ್ದಕ್ಕೆ ಹರಡಿಕೊಂಡಿರುವುದೂ ನಾವಿಕನ ಭಾಗ್ಯ. ಸ್ವಂತ ಊರು ತಪ್ಪಿದರೆ ನೆಂಟರ ಊರಾದರೂ ಕಣ್ಣಿಗೆ ಬೀಳಬಹುದು. ಹತ್ತಿರ ಬಂದ ಮೇಲೆ ಬೇರೆ ಸೂಚನೆಗಳಿವೆ. ಸಂಜೆ ಕಡಲಹಕ್ಕಿಗಳು ಹಾರುವ ದಿಕ್ಕಿನಲ್ಲಿ ನೆಲವಿದೆ. ಲಗೂನಿನ ತಿಳಿಹಸಿರು ನೀರಿನ ಬಣ್ಣ ಮೇಲಿನ ಮೋಡದ ಹೊಟ್ಟೆಗೆ ಮೆತ್ತಿಕೊಂಡಿರುತ್ತದೆ.

ಊರು ಕಂಡ ಮೇಲೂ ಪ್ರಯಾಣ ಮುಗಿಯುವುದಿಲ್ಲ. ಬಹುತೇಕ ದ್ವೀಪಗಳಲ್ಲಿ ಲಗೂನು ಇರುವುದು ಪಶ್ಚಿಮಕ್ಕೆ, ಹವಳದ ಗೋಡೆಯ ಒಳಗೆ. ಗೋಡೆಯಲ್ಲಿನ ಕಿರಿದಾದ ಬಾಗಿಲನ್ನು ಹಗಲಿನಲ್ಲಿ, ನೀರಿನ ಬಣ್ಣ ನೋಡಿಯೇ ಹೊಗಬೇಕು. ಇಳಿಸಂಜೆಗೆ ಬಂದು ಮುಟ್ಟಿದವನು, ಮನೆಯ ಒಲೆಯ ಹೊಗೆ ಕಾಣುತ್ತಿದ್ದರೂ, ಹಾಯಿ ಇಳಿಸಿ ಬೆಳಗಾಗುವವರೆಗೆ ಹೊರಗೇ ಕಾಯಬೇಕು.

ಕಾಯುವ ವಿದ್ಯೆ

ಕಾಯುವುದು ಹೊರಡುವ ಮೊದಲೇ ಶುರುವಾಗುತ್ತದೆ. ಕಾಯದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ದೊಡ್ಡ ಸಾಕ್ಷಿ ನಮ್ಮ ಕಾರವಾರದ ಎದುರಿಗೇ ಇದೆ.

ವಾಸ್ಕೋ ಡ ಗಾಮಾ 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿಯಿಂದ ಹೊರಟು, ದಾರಿ ಬಲ್ಲ ಮಾರ್ಗದರ್ಶಿಯ ನೆರವಿನಿಂದ 23 ದಿನಗಳಲ್ಲಿ ಅರಬ್ಬಿ ಸಮುದ್ರ ದಾಟಿದ. ಅದನ್ನು ಪಾಠಪುಸ್ತಕಗಳು ಹೇಳುತ್ತವೆ. ಮರಳಿದ್ದನ್ನು ಹೇಳುವುದಿಲ್ಲ. ಕೋಳಿಕ್ಕೋಡಿನಲ್ಲಿ ಮನಸ್ತಾಪವಾಗಿ ಆಗಸ್ಟ್ ಕೊನೆಗೆ ಹೊರಬಿದ್ದ ಗಾಮಾ ಕರಾವಳಿ ಹಿಡಿದು ಬಡಗಕ್ಕೆ ಬಂದು, ಕಾರವಾರದ ಬಿಣಗಾ ತೀರದೆದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡ. ಅಕ್ಟೋಬರ್ 5ರಂದು ಮನೆಯ ಕಡೆ ಹಾಯಿ ಬಿಚ್ಚಿದ. ಮುಂಗಾರು ಮುಗಿದಿತ್ತು, ಈಶಾನ್ಯದ ಗಾಳಿ ಇನ್ನೂ ಹುಟ್ಟಿರಲಿಲ್ಲ. ನಡುಗಡಲಿನಲ್ಲಿ ಗಾಳಿ ಸತ್ತು ನಿಂತಿತು, ಬೀಸಿದಾಗ ಎದುರಿನಿಂದ ಬೀಸಿತು. ಬರುವಾಗ 23 ದಿನ ಹಿಡಿದಿದ್ದ ಹಾದಿಗೆ ಹೋಗುವಾಗ ಮೂರು ತಿಂಗಳು. ವಸಡು ಊದಿ, ಕೈಕಾಲು ಬಾತು ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಉಳಿದರು. 1499ರ ಜನವರಿ 2ರಂದು ಮೊಗದಿಶು ಕಂಡಿತು. ಮೂರು ಹಡಗು ನಡೆಸಲು ಆಳು ಸಾಲದೆ 'ಸಾವೊ ರಾಫೆಲ್' ಅನ್ನು ತಾವೇ ಸುಟ್ಟುಹಾಕಿದರು.

ಅದೇ ಕರಾವಳಿಯಲ್ಲಿ ಯಾವ ಮಾಲ್ಮಿಯನ್ನು ಕೇಳಿದ್ದರೂ, ಎರಡು ತಿಂಗಳು ತಡೆಯಿರಿ ಎನ್ನುತ್ತಿದ್ದ. ಗಾಮಾನ ಬಳಿ ಫಿರಂಗಿಗಳಿದ್ದವು. ತಡೆಯುವ ತಾಳ್ಮೆಯಾಗಲಿ, ಕೇಳುವಷ್ಟು ಸ್ನೇಹವಾಗಲಿ ಉಳಿದಿರಲಿಲ್ಲ. ಈಗ ಅಂಜದೀವ ಕಾರವಾರದ ನೌಕಾನೆಲೆಯ ಅಲೆತಡೆಗೋಡೆಗೆ ಸೇರಿಹೋಗಿದೆ.

ಕಾದವರಿಗೂ ಕಡಲು ಮಾತು ಕೊಟ್ಟಿರುವುದಿಲ್ಲ. ಹಂಗಾಮಿನ ಎರಡೂ ತುದಿಗಳಲ್ಲಿ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ಗಳಲ್ಲಿ, ಚಂಡಮಾರುತಗಳು ಏಳುತ್ತವೆ. 1847ರ ಏಪ್ರಿಲಿನ ಬಿರುಗಾಳಿ ಕಲ್ಪೇನಿ, ಅಂಡ್ರೋತ್, ಕಿಲ್ತಾನ್ ದ್ವೀಪಗಳನ್ನು ನುಚ್ಚುನೂರು ಮಾಡಿತು. 2021ರ ಮೇ ತಿಂಗಳಲ್ಲಿ ಅಮಿನಿಯ ಹತ್ತಿರವೇ ಬಲಗೊಂಡ ತೌತೆ ನಮ್ಮ ಕರಾವಳಿಯ ಮನೆಗಳನ್ನೂ ಕಡಲಿಗೆ ಎಳೆಯಿತು.

ಅದೇ ಪಂಚಾಂಗ

ಹೊಸ ಕಾಲದ ಹಾಯಿದೋಣಿಗಳ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಾಂಬೆಯಲ್ಲಿ ತೇಗದ ಮರದಿಂದ ಕಟ್ಟಿಸಿದ 32 ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1965ರ ಕೊನೆಗೆ ಹೊರಟದ್ದು ಇಂಗ್ಲೆಂಡಿನ ತನ್ನ ಮನೆಗೆ ಸೇರಲು. ಮನೆ ಸೇರಿದ ಮೇಲೆ ಅದೇ ದೋಣಿಯಲ್ಲಿ, 1968-69ರಲ್ಲಿ, ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗನಾದ. ಭಾರತೀಯರಲ್ಲಿ ಮೊದಲು ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದವರು ಭೂಸೇನೆಯ ಎಂಜಿನಿಯರುಗಳ ದಳದವರು. ಕರ್ನಲ್ ಟಿ.ಪಿ.ಎಸ್. ಚೌಧರಿ ನೇತೃತ್ವದಲ್ಲಿ 37 ಅಡಿಯ 'ತೃಷ್ಣಾ' 1985ರ ಸೆಪ್ಟೆಂಬರ್ 28ಕ್ಕೆ ಹೊರಟು 1987ರ ಜನವರಿ 10ಕ್ಕೆ ಮರಳಿತು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಹಾಯಿದೋಣಿ ಕ್ಲಬ್ಬಿಗೆ ಅದೇ ಹೆಸರು. ಕಡಲಿನಿಂದ ಇಷ್ಟು ದೂರದ ಒಂದು ಕೆರೆಯಲ್ಲಿ ಹಾಯಿ ಕಟ್ಟಲು ಕಲಿಯುವ ಹುಡುಗರನ್ನು ಕಂಡಾಗ ಕೋಲಾರದ ಕೆರೆಗಳು ನೆನಪಾಗುತ್ತವೆ.

ಆಮೇಲೆ ನೌಕಾಪಡೆಯ ಸರದಿ. ಗೋವೆಯ ದಿವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರರ ಕಾರ್ಖಾನೆಯಲ್ಲಿ ಕಟ್ಟಿದ 56 ಅಡಿಯ ದೋಣಿಗೆ ಇಟ್ಟ ಹೆಸರು 'ಮ್ಹಾದೇಯಿ'. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅದು. ಆ ಹೆಸರು ನಮ್ಮಲ್ಲಿ ಸುದ್ದಿಯಾಗುವುದು ನದಿನೀರಿನ ವಿವಾದದಲ್ಲಿ ನ್ಯಾಯಮಂಡಳಿಯ ತೀರ್ಪು ಬಂದಾಗ. ಅದೇ ಹೆಸರು ಹೊತ್ತು ಒಂದು ಮರದ ದೋಣಿ ಎರಡು ಸಲ ಒಬ್ಬೊಬ್ಬ ನಾವಿಕನೊಂದಿಗೆ ಭೂಮಿ ಸುತ್ತಿದೆ. ದಿಲೀಪ್ ದೋಂದೆ 2010ರ ಮೇ 19ಕ್ಕೆ ಮುಂಬೈಗೆ ಮರಳಿದರು. ನಡುವೆ ಎಲ್ಲೂ ನಿಲ್ಲದೆ ಸುತ್ತಿದ ಅಭಿಲಾಷ್ ಟೋಮಿ 2013ರ ಮಾರ್ಚ್ 31ಕ್ಕೆ ಬಂದರು. ನೌಕಾಪಡೆಯ ಇನ್ನೊಂದು ದೋಣಿ 'ತಾರಿಣಿ'ಯಲ್ಲಿ ವರ್ತಿಕಾ ಜೋಶಿ ಮತ್ತು ಐವರು ಸಂಗಾತಿಗಳು 2018ರ ಮೇ 21ಕ್ಕೆ ಗೋವೆ ಮುಟ್ಟಿದರು. ಅದೇ ತಾರಿಣಿಯಲ್ಲಿ ಇಬ್ಬರೇ ಹೆಣ್ಣುಮಕ್ಕಳು, ದಿಲ್ನಾ ಕೆ. ಮತ್ತು ರೂಪಾ ಎ., 2024ರ ಅಕ್ಟೋಬರ್ 2ಕ್ಕೆ ಹೊರಟು 2025ರ ಮೇ 29ಕ್ಕೆ ಮರಳಿದರು.

ನೌಕಾಪಡೆಯ ಈ ತಾರೀಕುಗಳನ್ನು ಒಟ್ಟಿಗೆ ಓದಿ. ಉಪಗ್ರಹದ ಫೋನು, ಹವಾಮಾನದ ನಕ್ಷೆ, ಜಿಪಿಎಸ್ ಎಲ್ಲ ಇದ್ದೂ, ಮನೆಗೆ ಬಂದದ್ದು ಮಾರ್ಚ್‌ನಿಂದ ಮೇ ಒಳಗೆ. ಓಡಂಗಳು ಅಕ್ಕಿ ಹೊತ್ತು ಅಮಿನಿ ಸೇರಿಕೊಳ್ಳುತ್ತಿದ್ದ ಗಡುವೂ ಅದೇ. ದಿಲ್ನಾ ಮತ್ತು ರೂಪಾ ಅವರಿಗೆ ಆ ಗಡುವೂ ಉಳಿಯಲಿಲ್ಲ. ಏಪ್ರಿಲ್ ನಡುವಿನಲ್ಲಿ ಕೇಪ್‌ಟೌನ್ ಬಿಟ್ಟ ಅವರು ಹಿಂದೂ ಮಹಾಸಾಗರ ಹತ್ತಿ ಬರುತ್ತಿರುವಾಗ, ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೆ, ಕೇರಳ ಮುಟ್ಟಿತು. ಕೇಪ್ ಹಾರ್ನ್ ಸುತ್ತಿ ಬಂದ ಇಬ್ಬರಿಗೆ ಕೊನೆಯ ಆ ಕೆಲವು ದಿನಗಳ ಅರಬ್ಬಿ ಸಮುದ್ರ ಸುಲಭವಾಗಿರಲಾರದು. ಗೆದ್ದು ಬಂದವರ ಸನ್ಮಾನದ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಕೊನೆಯ ಆ ವಾರವನ್ನು ಅವರು ಹೇಗೆ ನಡೆಸಿದರು ಎಂಬುದು ಇನ್ನೂ ವಿವರವಾಗಿ ಬರಬೇಕು.

ಅಭಿಲಾಷ್ ಟೋಮಿ ಅವರಿಗೆ ಒಂದು ಮರುಪ್ರಯಾಣ ಸಿಗಲೇ ಇಲ್ಲ. 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಜಿಪಿಎಸ್ ಬಳಸುವಂತಿರಲಿಲ್ಲ. ಸೂರ್ಯ, ನಕ್ಷತ್ರ, ಸೆಕ್ಸ್‌ಟೆಂಟ್, ಕಾಗದದ ನಕ್ಷೆ, ಇಷ್ಟೇ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ 'ತುರೀಯಾ' ಮಗುಚಿ ಕೂವೆಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನ ಅಲುಗಾಡಲಾಗದೆ ಮಲಗಿದ್ದವರನ್ನು ಫ್ರಾನ್ಸಿನ 'ಒಸಿರಿಸ್' ಹಡಗು ಎತ್ತಿಕೊಂಡಿತು. ಗುಣವಾದ ಮೇಲೆ ಅದೇ ಪಂದ್ಯಕ್ಕೆ ಮತ್ತೆ ಹೋಗಿ, 2023ರ ಏಪ್ರಿಲ್ 29ಕ್ಕೆ ಎರಡನೆಯವರಾಗಿ ಫ್ರಾನ್ಸಿನ ದಡ ಸೇರಿದರು. ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆ ಸತ್ತಿಲ್ಲ ಎನ್ನಲು ಇಷ್ಟು ಸಾಕು.

ಬಂದರಿನ ಮಂಜಿಗಳು

ಮಂಗಳೂರಿನ ಹಳೆ ಬಂದರಿನಲ್ಲಿ ಇಂದಿಗೂ ಲಕ್ಷದ್ವೀಪಕ್ಕೆ ಹೋಗುವ ಮರದ ಹಡಗುಗಳು ನಿಲ್ಲುತ್ತವೆ. ಮಂಜಿ ಎಂದು ಕರೆಯುತ್ತಾರೆ. ಎಂಜಿನು ಬಂದು ದಶಕಗಳಾದವು, ಹಾಯಿ ಇಲ್ಲ. ಧಕ್ಕೆಯಲ್ಲಿ ನಿಂತು ನೋಡಿದರೆ ಒಂದು ದ್ವೀಪದ ಸಂಸಾರ ಪೂರ್ತಿ ಕಣ್ಣಮುಂದೆ ಸಾಗುತ್ತದೆ: ಅಕ್ಕಿ ಮೂಟೆ, ಈರುಳ್ಳಿ, ತರಕಾರಿ ಕ್ರೇಟುಗಳು, ಸಿಮೆಂಟು, ಜಲ್ಲಿ, ಮರಳು, ಕಬ್ಬಿಣದ ಸರಳು, ಆಡುಗಳು. ಖಲಾಸಿಗಳು ಅಡ್ಡಹಲಗೆಯ ಮೇಲೆ ಮೂಟೆ ಹೊತ್ತು ನಡೆಯುವಾಗ ಹಲಗೆ ಬಾಗಿ ಏಳುತ್ತದೆ. ಭಾರ ಹೆಚ್ಚಿದಂತೆ ಮಂಜಿಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಹಡಗು ನಡೆಸುವ ತಂಡೇಲನ ಕಣ್ಣು ಆ ಅಂಚಿನ ಮೇಲೇ ಇರುತ್ತದೆ. ನೇತ್ರಾವತಿ, ಫಲ್ಗುಣಿಗಳು ಕೂಡಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿದೆ. ಉಬ್ಬರ ನೋಡಿಯೇ ದಾಟಬೇಕು. ಜಿಪಿಎಸ್ ಪರದೆ ದ್ವೀಪವನ್ನು ತೋರಿಸುತ್ತದೆ, ಅಳಿವೆಯ ಮರಳು ನಿನ್ನೆ ರಾತ್ರಿ ಎಲ್ಲಿಗೆ ಸರಿಯಿತು ಎಂಬುದನ್ನು ತೋರಿಸುವುದಿಲ್ಲ. ಹೂಳೆತ್ತುವ ಬೇಡಿಕೆ ಹಳೆಯದು. ಈ ಚಿಕ್ಕ ಹಡಗುಗಳ ಅಪಾಯ ಬಹುಪಾಲು ನಡುಗಡಲಿನಲ್ಲಲ್ಲ, ಈ ಬಾಗಿಲಿನಲ್ಲಿದೆ. ಅದಕ್ಕೆ ಖರ್ಚು ಮಾಡುವ ಹಣ ಪ್ರವಾಸೋದ್ಯಮದ ಜೆಟ್ಟಿಗಿಂತ ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ.

2024ರ ಮೇ ತಿಂಗಳಲ್ಲಿ 'ಪರಲಿ' ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಪ್ರಯಾಣಿಕರನ್ನು ಕೆಲವೇ ಗಂಟೆಗಳಲ್ಲಿ ಹಳೆ ಬಂದರಿಗೆ ತಂದು ಇಳಿಸಿತು. ಸಂತೋಷದ ಸಂಗತಿ. ಆ ಸಂತೋಷದ ಜೊತೆಗೆ ಮಂಗಳೂರಿನ ಯಾವುದಾದರೂ ಒಂದು ಸಂಸ್ಥೆ, ವಿಶ್ವವಿದ್ಯಾಲಯವೋ ವಸ್ತುಸಂಗ್ರಹಾಲಯವೋ, ಅಮಿನ್‌ದಿವಿಯ ರಹಮಾನಿಗಳ ಪ್ರತಿ ತರಿಸಿ, ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಅಚ್ಚು ಹಾಕಬೇಕು. ಕೈಬರಹದ ಪುಸ್ತಕಗಳಿಗೆ ಉಪ್ಪುಗಾಳಿ ಹೆಚ್ಚು ಆಯುಸ್ಸು ಕೊಡುವುದಿಲ್ಲ. ಒಂದು ಓಡಂ ಹೊಲಿಸಿ ಬಂದರಿನಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಮಂಜಿಗಳ ಸಂಚಾರಕ್ಕೆ ಈಗಲೂ ಮೇ 15ಕ್ಕೆ ಬೀಗ, ಸೆಪ್ಟೆಂಬರ್ 15ರ ನಂತರ ಮತ್ತೆ ಹೊರಡುವುದು. ಅದಕ್ಕೇ ಮೇ ಮೊದಲ ಎರಡು ವಾರ ಧಕ್ಕೆಯಲ್ಲಿ ಹಗಲು-ರಾತ್ರಿ ಭರ್ತಿ ನಡೆಯುತ್ತದೆ. ದ್ವೀಪದ ಮಳೆಗಾಲದ ದಾಸ್ತಾನು ಆ ಹದಿನೈದು ದಿನಗಳಲ್ಲೇ ಅಳಿವೆ ದಾಟಬೇಕು.